ಕೆಂಪು ಕಾರು, ನಾಲ್ಕು ನಿಂಬೆಹಣ್ಣು

ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಕಾರಿರಲಿಲ್ಲ.

ಅರಕಲಗೂಡಿನ ಹಲ್ಲಿನ ಡಾಕ್ಟರು ವಿಶ್ವಾಸ್, ಹಲ್ಲುಜ್ಜುವ ಬ್ರಷ್ಷು ಕೈಯಲ್ಲಿ ಹಿಡಿದೇ ಠಾಣೆಗೆ ಫೋನ್ ಮಾಡಿದ. ಹೋದದ್ದು ಅಂತಿಂಥ ಕಾರಲ್ಲ. ಜಪಾನಿನ ಕೋಪೆನ್. ಎರಡೇ ಸೀಟು. ಗುಂಡಿ ಒತ್ತಿದರೆ ಚಾವಣಿ ತಾನೇ ಮಡಚಿಕೊಂಡು ಡಿಕ್ಕಿಯೊಳಗೆ ಕೂರುತ್ತದೆ. ಹಾಸ್ಟೆಲಿನಲ್ಲಿದ್ದಾಗ ವಿಡಿಯೊ ಗೇಮಿನಲ್ಲಿ ಓಡಿಸುತ್ತಿದ್ದ ಕಾರನ್ನು ವರ್ಷಗಟ್ಟಲೆ ಹುಡುಕಿ, ಮುಂಬೈಯವರೊಬ್ಬರಿಂದ ಕೊಂಡಿದ್ದ. ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು.

ಸಬ್ ಇನ್‌ಸ್ಪೆಕ್ಟರ್ ಶಿವರಂಜನಿ ಬರುವ ಹೊತ್ತಿಗೆ ಅವನು ಕಳ್ಳನ ಹೆಸರನ್ನೂ ಸಿದ್ಧ ಮಾಡಿಟ್ಟಿದ್ದ.

"ಮೆಕ್ಯಾನಿಕ್ ಪುಟ್ಟರಾಜು. ಬರ್ಕೊಳ್ಳಿ ಮೇಡಂ."

"ಯಾಕೆ ಅವನೇ?"

"ಒಂದು ಕೀ ನನ್ನ ಹತ್ರ ಇದೆ. ಇನ್ನೊಂದು ಸರ್ವಿಸ್‌ಗೆ ಅಂತ ಅವನಿಗೆ ಕೊಟ್ಟಿದ್ದೆ. ಹೋದ ವಾರ ಕಾರು ಕೇಳಿದ್ದ, ಹಾಸನ ಸ್ಟೇಷನ್ನಿಂದ ಮಗಳನ್ನ ಕರ್ಕೊಂಡು ಬರೋಕೆ. ಆಗಲ್ಲ ಅಂದೆ. ಈಗ ಗ್ಯಾರೇಜಿಗೆ ಬೀಗ, ಫೋನ್ ಎತ್ತಲ್ಲ. ಇನ್ನೇನು ಬೇಕು?"

ಹೆಡ್ ಕಾನ್‌ಸ್ಟೆಬಲ್ ದ್ಯಾವಯ್ಯನಿಗೆ ಪುಟ್ಟರಾಜು ಗೊತ್ತು. ಮಗಳು ಸ್ನೇಹಲತಾ ಸೇನೆಯ ತರಬೇತಿ ಮುಗಿಸಿ ಮೊದಲ ರಜೆಗೆ ಬರುತ್ತಿದ್ದಳು. ಊರಿಗೆ ಮರಳುವ ಸೈನಿಕರನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುವುದು ಈಚಿನ ರೂಢಿ. ಪುಟ್ಟರಾಜು ಮೊದಲು ಆ ಜೀಪನ್ನೇ ಕೇಳಿದ್ದ. ಜೀಪು ಇರುವುದು ರಿಟೈರಾದವರಿಗೆ, ಈಗಷ್ಟೇ ಡ್ರಿಲ್ ಕಲಿತ ಹುಡುಗಿಗಲ್ಲ ಎಂದು ಜೀಪಿನವರು ನಕ್ಕು ಕಳಿಸಿದ್ದರಂತೆ.

"ಜನ ಕೀ ನಂಬಿ ಕೊಡ್ತಾರೆ, ಅದ್ಕೇ ಅವನ ಗ್ಯಾರೇಜು ನಡೀತದೆ ಮೇಡಂ" ಎಂದ ದ್ಯಾವಯ್ಯ. "ಕಳ್ಳ ಅಂತ ಒಂದ್ಸಲ ಬರದ್ಬುಟ್ರೆ ಮುಗೀತು. ಅದೂ ಮಗಳು ಬರೋ ದಿನ."

ಶಿವರಂಜನಿ ಪೆನ್ನಿನ ಮುಚ್ಚಳ ಹಾಕಿದಳು. ಶೆಡ್ಡಿನೊಳಗೆ ಹೋದಳು.

ಗೋಡೆಯ ಬದಿಯಲ್ಲಿ ಜಾಕು, ಕ್ರಿಕೆಟ್ ಬ್ಯಾಟು, ಮಡಿಸಿದ ಒರೆಸುಬಟ್ಟೆ, ಸುತ್ತಿ ನಿಲ್ಲಿಸಿದ ಚಾಪೆ.

"ಡಿಕ್ಕಿಯಲ್ಲಿದ್ದವು" ಎಂದ ವಿಶ್ವಾಸ್. "ಬಿಸಾಕಿ ಹೋಗಿದ್ದಾನೆ."

"ಬಿಸಾಕಿಲ್ಲ. ಜೋಡಿಸಿಟ್ಟಿದ್ದಾರೆ."

ನೆಲದ ಮೇಲೆ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾಗಿದ್ದವು. ಆಯುಧಪೂಜೆಯವು ಇರಬೇಕು ಎಂದ ಅವನು. ಶಿವರಂಜನಿ ಒಂದನ್ನು ಮುಟ್ಟಿ, ಬೆರಳು ಮೂಸಿ ನೋಡಿದಳು.

ಪಕ್ಕದ ಮನೆಯ ಸುದರ್ಶನನ ಮೇಲೂ ವಿಶ್ವಾಸನಿಗೆ ಅನುಮಾನವಿತ್ತು. ಆ ಹುಡುಗ ಕಾರಿನ ಪಕ್ಕ ನಿಂತು ರೀಲ್ಸ್ ಮಾಡುತ್ತಿದ್ದ. ನಿದ್ದೆಗಣ್ಣಿನಲ್ಲೇ ಬಂದವನು, ತನಗೆ ಡ್ರೈವಿಂಗೇ ಬರುವುದಿಲ್ಲ, ಡಾಕ್ಟರ ಮನೆಯ ಗೇಮಿನಲ್ಲೂ ಗೋಡೆಗೇ ಗುದ್ದುತ್ತೇನೆ ಎಂದ.

"ಯಾವ ಗೇಮು?" ಶಿವರಂಜನಿ ಕೇಳಿದಳು.

ಒಳಗಿನ ಕೋಣೆಯಲ್ಲಿ ದೊಡ್ಡ ಟಿವಿ. ಎದುರಿಗೆ ಸ್ಟೇರಿಂಗು, ಪೆಡಲು, ಹಿಂದೆ ಮುಂದೆ ಸರಿಯುವ ಕುರ್ಚಿ. ವಿಶ್ವಾಸನ ಎತ್ತರ ಆರಡಿ. ಕುರ್ಚಿ ಮಾತ್ರ ಪೆಡಲಿಗೆ ತಾಗುವಷ್ಟು ಮುಂದಿತ್ತು.

ವಿಶ್ವಾಸನ ಹೆಂಡತಿ ಇಂಚರ ಬಾಗಿಲಲ್ಲೇ ನಿಂತು ಹೇಳಿದಳು: "ಅತ್ತೆ ಎಳೆದಿರ್ತಾರೆ. ದಿನಾ ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಒಂದು ಗಂಟೆ ಹೊತ್ತು ಈ ಕೋಣೆ ಗುಡಿಸ್ತಾರೆ."

"ಇಷ್ಟು ಚಿಕ್ಕ ಕೋಣೇನಾ?"

ಇಂಚರ ಕುರ್ಚಿಯನ್ನೇ ನೋಡುತ್ತಿದ್ದಳು. "ಇಲ್ಲೊಂದು ದಿಂಬು ಇರ್ತಿತ್ತು."

"ನಿಮ್ಮತ್ತೆ ಎಲ್ಲಿ?"

"ಹೊಳೆನರಸೀಪುರಕ್ಕೆ, ತಂಗಿ ಮನೆಗೆ. ಮೊದಲ ಬಸ್ಸಿಗೇ ಹೋದ್ರು."

"ಸರ್ವಿಸ್ ಮುಗಿಸಿ ಪುಟ್ಟರಾಜು ಕಾರು ತಂದಾಗ ಮನೇಲಿ ಯಾರಿದ್ರು?"

"ನಾವಿಬ್ಬರೂ ಕ್ಲಿನಿಕ್ಕಲ್ಲಿದ್ವಿ. ಅತ್ತೇನೇ—" ಇಂಚರಳ ಮಾತು ನಿಂತಿತು.

"ಕೀ ತಗೊಂಡ್ರು" ಎಂದು ಶಿವರಂಜನಿ ಮುಗಿಸಿದಳು. "ಡಾಕ್ಟ್ರೇ, ಕಳ್ಳ ಗಾಡಿ ಮುಚ್ಚಿಕೊಂಡು ಓಡ್ತಾನೆ. ಇವರು ಡಿಕ್ಕಿ ಖಾಲಿ ಮಾಡಿದ್ದಾರೆ. ಯಾಕೆ? ಚಾವಣಿ ಒಳಗೆ ಕೂರೋಕೆ ಜಾಗ ಬೇಕು. ನಾಲ್ಕು ಜನ ನೋಡಲಿ ಅಂತಲೇ ಕಾರು ಒಯ್ದಿದ್ದಾರೆ. ಇವತ್ತು ಈ ಊರಲ್ಲಿ ತೆರೆದ ಗಾಡಿ ಯಾರಿಗೆ ಬೇಕಿತ್ತು?"

"ಪುಟ್ಟರಾಜುಗೆ. ನಾನೂ ಅದನ್ನೇ ಅಲ್ವಾ ಹೇಳಿದ್ದು?"

"ಬೇಕಿದ್ದದ್ದು ಅವನಿಗೆ. ಒಯ್ದದ್ದು ಬೇರೆಯವರು. ನಿಂಬೆಹಣ್ಣಿನ ರಸ ಇನ್ನೂ ಒದ್ದೆ. ಕದಿಯೋಕೆ ಬಂದವನು ಚಕ್ರಕ್ಕೆ ನಿಂಬೆಹಣ್ಣು ಇಡ್ತಾನಾ? ಮೊದಲ ಸಲ ಗಾಡಿ ತೆಗೆಯೋರು ಇಡ್ತಾರೆ. ಸೀಟಿಗೊಂದು ದಿಂಬು ಬೇಕಾದವರು. ಕೋಣೆ ಗುಡಿಸ್ತೀನಿ ಅಂತ ಬಾಗಿಲು ಹಾಕ್ಕೊಂಡು ದಿನಾ ಅಭ್ಯಾಸ ಮಾಡಿದವರು. ನಿಮ್ಮ ತಾಯಿ, ಚೂಡಾಮಣಿಯವರು."

ವಿಶ್ವಾಸ್ ನಕ್ಕೇಬಿಟ್ಟ. "ನಮ್ಮಮ್ಮನಿಗೆ ಸೈಕಲ್ಲೂ ಬರಲ್ಲ."

"ಅತ್ತೆ ನಿಮ್ಮನ್ನ ಕೇಳಿದ್ರು" ಎಂದಳು ಇಂಚರ ಮೆಲ್ಲಗೆ. "ಆ ಹುಡುಗಿಗೋಸ್ಕರ ಒಂದು ಬೆಳಗ್ಗೆ ಕಾರು ಕೊಡೋ ಅಂತ. ಇದು ಮೆರವಣಿಗೆ ಗಾಡಿಯಲ್ಲ ಅಂದ್ರಿ."

ಅಷ್ಟರಲ್ಲಿ ಗೊರೂರು ರಸ್ತೆಯ ಕಡೆಯಿಂದ ತಮಟೆ ಕೇಳಿಸಿತು.

ಮೊದಲು ಕಂಡದ್ದು ಬಾನೆಟ್ಟಿನ ಮೇಲಿನ ಚೆಂಡುಹೂವಿನ ಹಾರ. ಚಾವಣಿಯಿಲ್ಲದ ಕೆಂಪು ಕಾರಿನ ಸ್ಟೇರಿಂಗ್ ಹಿಂದೆ, ದಿಂಬಿನ ಮೇಲೆ ನೆಟ್ಟಗೆ ಕೂತ ಚೂಡಾಮಣಿಯವರು. ತುರುಬು ಬಿಚ್ಚಿಹೋಗಿತ್ತು. ಪಕ್ಕದಲ್ಲಿ ಸಮವಸ್ತ್ರದ ಸ್ನೇಹಲತಾ. ಡಿಕ್ಕಿಯಲ್ಲಿ ಜಾಗವಿಲ್ಲದೆ ಬ್ಯಾಗು ಅವಳ ತೊಡೆಯ ಮೇಲಿತ್ತು. ಹಿಂದೆ ಲಗೇಜ್ ಆಟೋದಲ್ಲಿ ತಮಟೆಯವರ ನಡುವೆ ಪುಟ್ಟರಾಜು.

ಶಿವರಂಜನಿ ಕೈ ಅಡ್ಡ ಹಿಡಿದಳು. "ಲೈಸೆನ್ಸ್?"

ಚೂಡಾಮಣಿಯವರು ಪರ್ಸಿನಿಂದ ತೆಗೆದುಕೊಟ್ಟರು. ಹೊಚ್ಚ ಹೊಸದು. "ಆಟದಲ್ಲಿ ಕಲಿತೆ, ಡ್ರೈವಿಂಗ್ ಸ್ಕೂಲಲ್ಲಿ ತಿದ್ದಿಕೊಂಡೆ. ಅಲ್ಲಿ ಗುದ್ದಿದ್ರೆ ಮತ್ತೆ ಶುರು ಮಾಡಬಹುದು. ರಸ್ತೇಲಿ ಹಾಗಾಗಲ್ವಲ್ಲಮ್ಮ, ಅದಕ್ಕೇ ಮೆಲ್ಲಗೆ ಬಂದೆ."

ಪುಟ್ಟರಾಜು ಇಳಿದು ಬಂದು ವಿಶ್ವಾಸನಿಗೆ ಕೈಮುಗಿದ. "ಡಾಕ್ಟ್ರೇ ಒಪ್ಪಿ ಕಳ್ಸವ್ರೆ ಅಂದ್ರು ಅಮ್ಮೋರು. ದೊಡ್ಡ ಮನ್ಸು ಸಾ ನಿಮ್ದು."

ವಿಶ್ವಾಸ್ ತಾಯಿಯ ಮುಖ ನೋಡಿದ. ಅವರು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು.

"ಪುಟ್ಟರಾಜು, ನಾನು ಪೊಲೀಸರಿಗೆ ನಿನ್ನ ಹೆಸರು ಹೇಳಿದ್ದೆ. ಕಳ್ಳ ಅಂತ."

ತಮಟೆ ನಿಂತಿತು. ಸ್ನೇಹಲತಾ ಅಪ್ಪನ ಕಡೆ ತಿರುಗಿದಳು.

"ಬರ್ಕೊಂಡ್ರಾ ಮೇಡಂ?" ಪುಟ್ಟರಾಜು ಕೇಳಿದ.

"ಇಲ್ಲ."

ಅವನು ಮಗಳ ಕಡೆ ಒಮ್ಮೆ ನೋಡಿದ. "ಅಂಗಾದ್ರೆ ಬುಡಿ" ಎಂದು ಹೋಗಿ ಆಟೋ ಹತ್ತಿದ.

"ಪೇಟೆ ಬೀದಿ ಒಂದು ಸುತ್ತು ಬಾಕಿ ಇದೆ" ಎಂದರು ಚೂಡಾಮಣಿಯವರು. "ದಾರಿ ಬಿಡೋ."

"ಮತ್ತೆ ನಾನು?"

"ಎರಡೇ ಸೀಟು ಕಣೋ. ಹುಡುಕಿ ಹುಡುಕಿ ತಂದೋನು ನೀನೇ."

ಲಗೇಜ್ ಆಟೋದಿಂದ ಪುಟ್ಟರಾಜುವಿನ ಕೈ ಚಾಚಿತು. "ಬನ್ನಿ ಸಾ, ಜಾಗ ಐತೆ."

ಬ್ರಷ್ಷನ್ನು ಜೇಬಿಗೆ ಸಿಕ್ಕಿಸಿಕೊಂಡು ಕಾರಿನ ಮಾಲೀಕ ಆಟೋ ಹತ್ತಿದ. ತಮಟೆ ಮತ್ತೆ ಶುರುವಾಯಿತು.