ಮೊದಲು ನೀನು ಹೇಳು

ಸುಮುಖ ಬಾಗಿಲಿಗೆ ಬಂದು ನಿಂತಾಗ ಪ್ಲೇನೋ ಊರಿನ ಆಕಾಶ ಕಿಲುಬು ಹಿಡಿದ ತಾಮ್ರದ ಚೊಂಬಿನಂತಿತ್ತು. ಪಾರ್ಕಿಂಗ್ ಲಾಟಿನಲ್ಲಿ ಕಚ್ಚಾಡುತ್ತಿದ್ದ ಕಪ್ಪು ಹಕ್ಕಿಗಳೆಲ್ಲ ಇದ್ದಕ್ಕಿದ್ದಂತೆ ಸುಮ್ಮನಾಗಿದ್ದವು.

"ಆಲಿಕಲ್ಲು ಬೀಳುತ್ತಂತೆ. ಆಸ್ಟಿನ್‌ನಿಂದ ಹೊರಡೋವಾಗ ಫೋನ್ ನೋಡಲಿಲ್ವಾ?" ಅಪೇಕ್ಷಾ ಕೇಳಿದಳು.

"ನೋಡ್ದೆ. ಆದ್ರೂ ಕಾಸ್ಟ್ಕೊ ಅಂಗಡಿಗೆ ನುಗ್ಗಿ ಒಂದು ವೈನ್ ಬಾಟಲ್ ಎತ್ಕೊಂಡು ಬಂದೆ. ಅವರದೇ ಬ್ರ್ಯಾಂಡು ಮೇಡಂ, ಇರೋದ್ರಲ್ಲೇ ಅಗ್ಗದ್ದು. ನನ್ನ ಯೋಗ್ಯತೆಗೆ ತಕ್ಕ ಹಾಗೆ."

ಅವನು ಕಣ್ಣು ಮಿಟುಕಿಸಿದ. ಅವಳ ನೋಟ ಅವನ ಅಂಗಿಯ ಗುಂಡಿಯವರೆಗೆ ಏರಿ, ಅಲ್ಲಿಂದ ಮೇಲೆ ಹೋಗಲಾರದೆ ಇಳಿಯಿತು.

ಗೆಳತಿಯ ಮನೆಯ ಪಾಟ್‌ಲಕ್ ಊಟದಲ್ಲಿ, ವೈನ್ ಬಗ್ಗೆ ಇಬ್ಬರಿಗೂ ಏನೇನೂ ತಿಳಿಯದೆಂದು ಒಪ್ಪಿಕೊಂಡು ಶುರುವಾದ ಆಟವಿದು. ಶನಿವಾರಕ್ಕೊಂದು ಬಾಟಲ್, ಎರಡು ಸ್ಟೀಲ್ ಲೋಟ. ರುಚಿಯನ್ನು ಅಡುಗೆಮನೆಯ ಮಾತಿನಲ್ಲೇ ಹೇಳಬೇಕು. "ಹುಣಸೆ ನೆನೆಸಿದ ನೀರು" ಅನ್ನುತ್ತಿದ್ದಳು ಅವಳು. ಇನ್ನೊಂದಕ್ಕೆ "ಒದ್ದೆ ಗೋಣಿಚೀಲ". ಅವನು ಪ್ರತಿ ಸಲವೂ "ಮೊದಲು ನೀನು ಹೇಳು" ಎಂದು ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದ. ಅವಳು ಹೇಳಿ ಮುಗಿಸಿದ ಮೇಲೆ ಮೆಲ್ಲಗೆ, "ನನಗೂ ಹಾಗೇ ಅನಿಸ್ತು." ಮಾತೆಂದರೆ ಮೈ ಹಿಡಿಯಾಗುವ ಹುಡುಗಿಗೆ ಅಷ್ಟೇ ಸಾಕಾಗಿತ್ತು, ಇಡೀ ವಾರ ಕಳೆಯಲು.

ಈಚೆಗೆ ಮಾತ್ರ ಏನೋ ಸರಿಯಿಲ್ಲ. ಅವನು ಆಗಾಗ ಹಣೆ ಒತ್ತಿಕೊಳ್ಳುತ್ತಿದ್ದ. ಹೋದ ವಾರ ಅವನ ಬೆನ್ನ ಹಿಂದೆಯೇ ಹಾಲು ಸೀದು ಮನೆಯೆಲ್ಲ ನಾರಿದರೂ ಅವನಿಗೆ ಪರಿವೆಯೇ ಇರಲಿಲ್ಲ. ಅವನ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆ ಎಂಬ ಹುಳ ಅವಳನ್ನು ಕೊರೆಯುತ್ತಿತ್ತು. ಇವತ್ತು ಕೇಳಿಯೇಬಿಡಬೇಕು. ಕೇಳುವ ಮೊದಲು ಒಮ್ಮೆ ಅವನನ್ನು ನಗಿಸಬೇಕು.

ಬೆನ್ನು ತಿರುಗಿಸಿ ಅವನ ಲೋಟಕ್ಕೆ ಚಿಟಿಕೆ ಇಂಗು ಉದುರಿಸಿದಳು.

"ಇವತ್ತು ನೀನೇ ಮೊದಲು."

"ಅಯ್ಯೋ, ರೂಲ್ಸ್ ಚೇಂಜ್ ಮಾಡ್ಬಿಟ್ಯಾ?"

"ಹೂಂ. ಕುಡಿ."

ಅವನು ಲೋಟವನ್ನು ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದ. ಅವಳು ತುಟಿ ಕಚ್ಚಿ ಕಾದಳು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ.

"ನೇರಳೆಹಣ್ಣು. ಮರದ ಕೆಳಗೆ ಬಿದ್ದು ಒಡೆದದ್ದು."

ಅದು ಹೋದ ವಾರ ಅವಳೇ ಹೇಳಿದ ಮಾತು, ಅಕ್ಷರ ಬಿಡದೆ.

ಗಂಟಲವರೆಗೆ ಬಂದಿದ್ದ ನಗು ಅಲ್ಲೇ ತಣ್ಣಗಾಯಿತು. ಇಂಗಿನ ಘಾಟು ಮೇಜಿನ ಈಚೆ ಕೂತ ಅವಳ ಮೂಗಿಗೇ ಬಡಿಯುತ್ತಿತ್ತು.

"ಸುಮುಖ... ಅದರಲ್ಲಿ ಇಂಗು ಹಾಕಿದೀನಿ ಕಣೋ."

ಅವನು ಲೋಟ ಕೆಳಗಿಟ್ಟ. ಕಿಟಕಿಗೆ ಮೊದಲ ಆಲಿಕಲ್ಲು ಟಪ್ಪೆಂದು ಬಡಿಯಿತು.

"ನನಗೆ ವಾಸನೆ ಗೊತ್ತಾಗಲ್ಲ ಅಪ್ಪೀ. ತುಂಬ ದಿನ ಆಯ್ತು. ಹಳೇ ಶೀತ ಅಂದ್ಕೊಂಡಿದ್ದೆ. ಈಗ ಸ್ಕ್ಯಾನ್ ಮಾಡಿದ್ರು. ಹಣೆ ಹಿಂದೆ ಗಡ್ಡೆ ಇದೆಯಂತೆ. ಸೋಮವಾರ ಹ್ಯೂಸ್ಟನ್‌ನಲ್ಲಿ ಅಡ್ಮಿಟ್ ಆಗ್ಬೇಕು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಮ್ಮ ಶನಿವಾರಗಳೆಲ್ಲ ಆಸ್ಪತ್ರೆ ವಿಸಿಟಿಂಗ್ ಅವರ್ಸ್ ಆಗ್ಬಿಡ್ತಿದ್ವು."

"ನಾನು... ಬೇರೆ ಯಾರೋ ಇದಾಳೆ ಅಂದ್ಕೊಂಡಿದ್ದೆ."

"ಬೇರೆ ಯಾರಾದ್ರೂ ಆಗಿದ್ರೆ ಇಂಗು ಹಾಕ್ತಿರಲಿಲ್ಲ ಬಿಡು."

ಬಿರುಗಾಳಿಯ ಎಚ್ಚರಿಕೆ ಬಂದು ಎರಡೂ ಫೋನುಗಳು ಒಟ್ಟಿಗೆ ಚೀರಿದವು. ಹೊರಗೆ ಸುಂಟರಗಾಳಿಯ ಸೈರನ್ ಏಳತೊಡಗಿತು. ಅವನ ಕೈ ಹಿಡಿದು ಅವಳು ಬಟ್ಟೆ ಇಡುವ, ಕಿಟಕಿಯಿಲ್ಲದ ಕ್ಲಾಸೆಟ್ಟಿನೊಳಕ್ಕೆ ಎಳೆದುಕೊಂಡಳು. ಆ ಕೈಯನ್ನು ಅವಳು ಮುಟ್ಟಿದ್ದು ಇದೇ ಮೊದಲು. ಕೋಟುಗಳ ಕೆಳಗೆ, ಕತ್ತಲಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು.

"ನೀನು ಸಿಗೋ ಮೊದಲೇ ಮೂಗು ಹೋಗಿತ್ತು," ಅವನೆಂದ. "ನಿನ್ನ ಕೂದಲು ಹೇಗೆ ಘಮ್ಮನ್ನುತ್ತೆ ಅಂತ ನನಗೆ ಗೊತ್ತೇ ಇಲ್ಲ."

ಅವಳು ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು. "ಕಾಸ್ಟ್ಕೊ ಶಾಂಪೂ. ಸ್ವಲ್ಪ ಕೊಬ್ಬರಿ ಎಣ್ಣೆ."

"ಆಮೇಲೆ?"

"ಬೆರಳಲ್ಲಿ ಇಂಗು." ತಡೆದು ಹೇಳಿದಳು, "ಸೋಮವಾರ ನಾನೇ ಡ್ರೈವ್ ಮಾಡ್ತೀನಿ."

"ಫ್ರೀವೇ ಅಂದ್ರೆ ನಿನ್ನ ಕೈ ನಡುಗುತ್ತಲ್ಲೇ!"

"ನಡುಗಲಿ."

ಛಾವಣಿಯ ಮೇಲೆ ಕಲ್ಲು ಸುರಿದಂತೆ ಸದ್ದು. ಎಲ್ಲೋ ಗಾಜು ಒಡೆಯಿತು.

"ಅಪ್ಪೀ, ಒಂದು ಮಾತು ಹೇಳ್ಬೇಕಿತ್ತು, ಸೋಮವಾರಕ್ಕೆ ಮುಂಚೆ..."

"ತಡಿ. ಮೊದಲು ನಾನು ಹೇಳ್ತೀನಿ. ನನಗೆ ನೀನು ಬೇಕು. ಗಡ್ಡೆ ಇದ್ರೂ, ಮೂಗು ಇಲ್ದಿದ್ರೂ."

ಸೈರನ್ ನಿಲ್ಲಲಿಲ್ಲ. ಅವನು ಅವಳ ಕೂದಲಿಗೆ ಮುಖ ಒತ್ತಿ, ಉಸಿರೆಳೆದು, ಏನೂ ಸಿಗದೆ, ಮತ್ತೆ ಎಳೆದ.

"ನನಗೂ ಹಾಗೇ ಅನಿಸ್ತು," ಅಂದ.