ಹಲಗೆಯಡಿಯ ಪಸೆ

ಮಳೆಗಾಲದ ಬಾಲ ಇನ್ನೂ ಕಳಚಿರಲಿಲ್ಲ. ಅಪರೂಪಕ್ಕೆ ಬಿಸಿಲು ಕಂಡಿತೆಂದು ಕಾನ್‌ಸ್ಟೆಬಲ್ ಉದ್ದಣ್ಣ ಠಾಣೆಯ ಅಂಗಳದಲ್ಲಿ ಮುಗ್ಗಲು ಹಿಡಿದ ಕಡತಗಳನ್ನು ಹರವಿ, ಹಾಳೆಗೊಂದು ಕಲ್ಲು ಹೇರುತ್ತಿದ್ದ. ಬೆಳಗ್ಗೆ 8.40ಕ್ಕೆ ಶಿಶುವಿಹಾರದ ಯಜಮಾನಿ ಆ ಹಾಳೆಗಳ ನಡುವೆಯೇ ಹಾದು ಒಳಗೆ ಬಂದರು. ಅವರ ಬಟ್ಟೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಯಾರೋ ನಮ್ಮ ಬೇಸ್‌ಮೆಂಟಿಗೆ ನೀರು ಬಿಟ್ಟಿದಾರೆ ಸಾರ್. ಮಕ್ಕಳು ಮಲಗೋ ಕೋಣೆ. ಹಾಕಿಸಿ ಮೂರು ತಿಂಗಳಾಗಿಲ್ಲ, ಮರದ ನೆಲ ದೋಣಿ ಥರ ತೇಲ್ತಿದೆ."

"ಬೀಗ?" ಇನ್‌ಸ್ಪೆಕ್ಟರ್ ಕೇಳಿದರು.

"ಹಾಕಿದ ಹಾಗೇ ಇದೆ. ಬೀಗದ ಕೈ ನನ್ನ ಹತ್ರ ಒಂದು, ಕಾವಲಿನ ಅಜ್ಜನ ಹತ್ರ ಒಂದು. ಗೇಟಲ್ಲಿ ತೂಕಡಿಸ್ತಾನೆ ಅಂತ ನಿನ್ನೆ ತಾನೇ ಬೈದಿದ್ದೆ. ಸೇಡು ತೀರಿಸ್ಕೊಂಡಿದಾನೆ."

9.05ಕ್ಕೆ ಎಫ್‌ಐಆರ್ ಆಯಿತು. ಅಜ್ಜನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು. ಹೇಳಿಕೆಗೆ ಸಹಿ ಹಾಕುವಾಗ ಆತ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟುಕೊಂಡ.

"ನಾನಲ್ಲಪ್ಪ. ನಲವತ್ತು ವರ್ಷ ಬೇರೆಯವರ ಬಾಗಿಲು ಕಾಯ್ದಿದೀನಿ. ಒಂದು ಸಲ ಕೋರ್ಟಿನ ಮೆಟ್ಟಿಲು ಹತ್ತಿಸಿದ್ರೆ ಇನ್ಯಾರು ನನ್ನನ್ನ ತಮ್ಮ ಬಾಗಿಲಲ್ಲಿ ನಿಲ್ಲಿಸ್ಕೋತಾರೆ?"

ಮೇಲಿನವರು ಫೋನಿನಲ್ಲಿ, ಸಂಜೆ ನಾಲ್ಕರೊಳಗೆ ಮುದುಕನನ್ನು ಕೋರ್ಟಿಗೆ ಹಾಜರುಪಡಿಸಿ ಕೈತೊಳೆದುಕೊಳ್ಳಿ ಎಂದಿದ್ದರು. ಇನ್‌ಸ್ಪೆಕ್ಟರಿಗೆ ಗೋಡೆ ಗಡಿಯಾರದ ಕಡೆ ನೋಡಬಾರದೆಂದುಕೊಂಡಷ್ಟೂ ಕಣ್ಣು ಅತ್ತಲೇ ಹೋಗುತ್ತಿತ್ತು.

10.15ಕ್ಕೆ ಪಂಚನಾಮೆ ಶುರುವಾಯಿತು. ಎದುರಿನ ದರ್ಜಿ ಮತ್ತು ಔಷಧಿ ಅಂಗಡಿಯವ ಪಂಚರು. ಪಂಪು ಹಚ್ಚಿ ನೀರು ಹೊರಹಾಕಿದ ಮೇಲೆ ನೋಡಿದರೆ ಹಲಗೆಗಳು ಉಬ್ಬಿ ಒಂದರ ಮೇಲೊಂದು ಏರಿದ್ದವು. ಪೈಪಿನ ವಾಲ್ವು ಪೂರ್ತಿ ತೆರೆದಿತ್ತು, ಅದರ ತಲೆಯ ಮೇಲೆ ಪೈಪು ತಿರುಗಿಸುವ ಪಾನದ ಹಲ್ಲಿನ ಗೀರು.

"ಸಾರ್, ಇಲ್ನೋಡಿ," ಎಂದ ಉದ್ದಣ್ಣ. ಮಕ್ಕಳ ಹದಿಮೂರು ಹಾಸಿಗೆಗಳನ್ನು ಯಾರೋ ಕಪಾಟಿನ ನೆತ್ತಿಯ ಮೇಲೆ ಒಪ್ಪವಾಗಿ ಪೇರಿಸಿದ್ದರು. ಒಂದಕ್ಕೂ ನೀರು ತಾಗಿರಲಿಲ್ಲ.

"ಅಲ್ಲಿ ಇಟ್ಟಿದ್ದು ನೀವಾ?"

"ಇಲ್ಲ ಸಾರ್, ಯಾವಾಗ್ಲೂ ನೆಲದ ಮೇಲೇ ಇರುತ್ತೆ," ಎಂದರು ಯಜಮಾನಿ.

"ಕೈಯೇ ಎತ್ತಲಾರದ ಅಜ್ಜ ಹದಿಮೂರು ಹಾಸಿಗೆ ಎತ್ತಿದನೇ?"

"ಏಣಿ ಇದ್ರೂ ನನ್ನ ಕೈಲೇ ಕಷ್ಟ," ಎಂದ ಉದ್ದಣ್ಣ. ದರ್ಜಿ ನಗಲು ಹೋಗಿ, ಇನ್‌ಸ್ಪೆಕ್ಟರ್ ಮುಖ ನೋಡಿ ಸುಮ್ಮನಾದ.

ಹಲಗೆ ಕೀಳಿಸಿದರು. ಅಡಿಯಲ್ಲಿ ಕಾಡಿಗೆ ಬಳಿದ ಹಾಗೆ ಬೂಷ್ಟು. ಇನ್‌ಸ್ಪೆಕ್ಟರ್ ಹುಟ್ಟಿದ್ದು ಒಕ್ಕಲು ಮನೆಯಲ್ಲಿ. ಹುಲ್ಲಿನ ಬಣವೆಯ ತಳ ಹೀಗಾಗಲು ಎಷ್ಟು ವಾರ ಬೇಕೆಂದು ಗೊತ್ತಿತ್ತು. ಇದು ಇವತ್ತಿನ ನೀರಿನ ಕೆಲಸವಲ್ಲ.

ಬೋಳು ಕಾಂಕ್ರೀಟಿನ ನಡುವೆ ಟೇಪಿನ ಅಂಟು ಒಂದು ಚೌಕ ಬರೆದಿತ್ತು. ಪಕ್ಕದಲ್ಲಿ ಬಡಗಿಯ ದಪ್ಪ ಪೆನ್ಸಿಲಿನ ಅಕ್ಷರ: "ತಾ. 3. ಪಸೆ ಇದೆ." ಬಿಸಿನೀರಿನ ಬಾಯ್ಲರ್ ಇದ್ದ ಗೋಡೆಯ ಬುಡದಲ್ಲಿ ಇನ್ನೊಂದು ಚೌಕ: "ತಾ. 5. ಒಣ."

"ಇದೇನು?"

"ನೆಲದ ಮೇಸ್ತ್ರಿ ಬರೆದಿದ್ದು. ಪ್ಲಾಸ್ಟಿಕ್ ಹಾಳೆ ಅಂಟಿಸಿಟ್ಟು, ನೆಲದ ತೇವ ಅಡಿಗೆ ಹನಿ ಕಟ್ಟುತ್ತಾ ಅಂತ ನೋಡ್ತಾರಂತೆ. ನನಗೆ ಬಾಯ್ಲರ್ ಹತ್ರದ್ದು ಮಾತ್ರ ತೋರಿಸಿದ."

"ಆ ಜಾಗ ಯಾವಾಗ್ಲೂ ಬೆಚ್ಚಗಿರುತ್ತಲ್ಲ, ಪಸೆ ಎಲ್ಲಿ ಕಾಣುತ್ತೆ? ಬೇರೆ ನೆಲ ಹಾಕ್ಸಿ ಅಂದಿರಲಿಲ್ವಾ?"

"ಟೈಲ್ಸ್ ಅಂದಿದ್ದ. ಆಸ್ಪತ್ರೆ ಥರ ಕಾಣುತ್ತೆ, ಮಕ್ಕಳ ಕಾಲಿಗೆ ತಣ್ಣಗೆ ಹತ್ತುತ್ತೆ ಅಂತ ನಾನೇ ಬೇಡ ಅಂದೆ. ಶಿಶುವಿಹಾರ ಶುರುವಾಗೋಕೆ ಐದೇ ದಿನ ಉಳಿದಿತ್ತು."

"ಬೀಗದ ಕೈ ಅವನಿಗೆ ಯಾವತ್ತಾದ್ರೂ ಕೊಟ್ಟಿದ್ರಾ?"

"ಹೋದ ವಾರ. ಒಂದು ಹಲಗೆ ಎದ್ದಿತ್ತು ಅಂತ. ಒಂದೇ ದಿನ."

ನಕಲು ಮಾಡಿಸಲು ಒಂದು ಗಂಟೆ ಸಾಕು.

2.20ಕ್ಕೆ ಮೇಸ್ತ್ರಿ ಸಿಕ್ಕಿದ. ಮುದ್ರಣಾಲಯವೊಂದರ ನೆಲಮಾಳಿಗೆಯಲ್ಲಿ ಮಂಡಿಯೂರಿ, ನೆಲಕ್ಕೆ ಹಾಳೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದ. ಅದೇ ದಪ್ಪ ಪೆನ್ಸಿಲು. "ತಾ" ಅಕ್ಷರದ ಅದೇ ಉದ್ದನೆಯ ಇಳಿ. ಚೀಲದಲ್ಲಿ ಪಾನ ಇತ್ತು, ನಕಲು ಬೀಗದ ಕೈಯೂ ಇತ್ತು.

"ಪಸೆ ಇದೆ ಅಂತ ಗೊತ್ತಿದ್ದೂ ಯಾಕೆ ಹಾಕ್ದೆ?"

"ನಾನು ಹಾಕ್ದಿದ್ರೆ ಇನ್ನೊಬ್ಬ ಹಾಕ್ತಿದ್ದ ಸಾರ್."

"ನೀರು ಯಾಕೆ ಬಿಟ್ಟೆ?"

"ಎದ್ದ ಹಲಗೆ ಕಿತ್ತು ನೋಡಿದೆ. ಅಡೀಲೆಲ್ಲ ಕಪ್ಪು. ಅದರ ಮೇಲೇ ಆ ಕೂಸುಗಳು ಮೂಗು ಒತ್ತಿ ಮಲಗಿದ್ವು. ಒಂದು ಕೆಮ್ಮಿದ್ರೆ ಸಾಲಾಗಿ ಎಲ್ಲಾ ಕೆಮ್ತಿದ್ವು."

"ಯಜಮಾನಿಗೆ ಹೇಳೋಕೆ ಏನಾಗಿತ್ತು?"

"ಮೊದಲೇ ಗೊತ್ತಿತ್ತಾ ಅಂತ ಕೇಳ್ತಾರಲ್ಲ. ಮೂವತ್ತು ವರ್ಷದ ಹೆಸರು ಸಾರ್. ನೀರು ನುಗ್ಗಿದ್ರೆ ನೆಲ ಕೀಳಲೇಬೇಕು, ತಪ್ಪು ಪೈಪಿನ ತಲೆ ಮೇಲೆ ಹೋಗುತ್ತೆ ಅಂದ್ಕೊಂಡೆ." ಕಿತ್ತರೆ ಮೊದಲು ಕಾಣುವುದು ತಾನು ಬರೆದ ಅಕ್ಷರವೇ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

"ಕಾವಲಿನ ಅಜ್ಜನ್ನ ಹಿಡಿದಿದ್ದು ಗೊತ್ತಾ?"

ಮೇಸ್ತ್ರಿ ಟೇಪಿನ ಅಂಚನ್ನು ಹೆಬ್ಬೆರಳಿಂದ ತೀಡಿದ. "ಹತ್ತು ಗಂಟೆಗೆ ಕೇಳಿದೆ. ಬಿಟ್ಟುಬಿಡ್ತಾರೆ ಅಂದ್ಕೊಂಡೆ."

"ಅಂದ್ಕೊಂಡು?"

"ಕೆಲಸಕ್ಕೆ ಬಂದೆ."

2.50ಕ್ಕೆ ಬಂಧನ. ನಾಲ್ಕಾಗಲು ಇನ್ನೂ ಕಾಲು ಗಂಟೆಯಿರುವಾಗ ಮೇಸ್ತ್ರಿ ಠಾಣೆಯ ಬೆಂಚಿನ ಮುಂದೆ ನಿಂತು "ಅಜ್ಜಾ, ತಪ್ಪಾಯ್ತು" ಎಂದ. ಉದ್ದಣ್ಣನ ಬಾಯಿಂದ ಎಲ್ಲ ಕೇಳಿದ್ದ ಅಜ್ಜ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹಾಸಿಗೆ ಒದ್ದೆಯಾಗುತ್ತೆ ಅಂತ ನೆನಪಾಯ್ತಲ್ಲಪ್ಪ ನಿನಗೆ," ಎಂದ. ಎದ್ದು, ಸೊಂಟದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟ.

"ನಾಳೆ ಕೆಲಸಕ್ಕೆ ಹೋಗಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ ಮಾಡಿದ್ದು ಅಂದೋರು ಬಂದು ಅಲ್ಲ ಅನ್ನಲಿ. ಆಮೇಲೆ ನೋಡೋಣ."

ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಅಪರಾಧದ ಕಾರಣದ ಎದುರು "ಹೆಸರು ಕೆಡುವ ಭಯ" ಎಂದು ಬರೆದರು.

5.30ಕ್ಕೆ ಯಜಮಾನಿಯ ಫೋನು ಬಂತು. "ಕೆಲಸ ಯಾವಾಗ ಶುರು ಮಾಡಬಹುದು ಸಾರ್? ಈ ಸಲ ಟೈಲ್ಸೇ."

"ನಾಳೆಯಿಂದ. ಅಜ್ಜನ ಬೀಗದ ಕೈ ಇಲ್ಲಿದೆ, ನೀವೇ ಬಂದು ತಗೊಂಡು ಹೋಗಿ. ಬರೋವಾಗ ಅವನ ಮನೆಗೆ ಹೋಗಿ, ಒಂದು ಮಾತು ಹೇಳಿ ಬನ್ನಿ."

"ಕೀ ತಾನೇ ಸಾರ್? ಯಾರನ್ನಾದ್ರೂ ಕಳಿಸ್ತೀನಿ," ಎಂದರು ಯಜಮಾನಿ.

"ಯಾರ ಕೈಗೂ ಕೊಡಲ್ಲ," ಎಂದು ಇನ್‌ಸ್ಪೆಕ್ಟರ್ ಫೋನಿಟ್ಟರು.