ಒಂದನೆಯ ನಂಬರಿನ ದೋಷ

ಯಂತ್ರದ ಎಡಬಾಯಿಗೆ ಹಳೆಯ ಫೋಟೋ ಹೋಗುತ್ತಿತ್ತು. ಹನ್ನೊಂದು ಸೆಕೆಂಡು ಜೇನುಗೂಡಿನಂಥ ಗುಂಯ್ ಸದ್ದು. ಆಮೇಲೆ ಬಲಬಾಯಿಂದ ಅದೇ ಫೋಟೋ ನಿನ್ನೆ ಮೊನ್ನೆ ತೆಗೆದದ್ದೋ ಎಂಬಂತೆ ಹೊರಗೆ ಜಾರುತ್ತಿತ್ತು.

ಹಾಸನದ ಛಾಯಾಶುದ್ಧಿ ಕೇಂದ್ರದಲ್ಲಿ ಅಂದು ಗುರುವಾರ, ಉದ್ದನೆಯ ಸಾಲು. ಅರಸೀಕೆರೆ ಜಂಕ್ಷನ್ನಿನ ಸಿಗ್ನಲ್ ರಿಪೇರಿಯ ಚಿರಂತ್ ಪಾಳಿ ಮುಗಿಸಿ ನೇರವಾಗಿ ಬಂದಿದ್ದ. ಬಗಲಲ್ಲಿ ಕಪ್ಪು ರಟ್ಟಿನ ಆಲ್ಬಮ್ಮು, ಕಣ್ಣ ತುಂಬ ನಿದ್ದೆ. ಅವನ ಮುಂದಿದ್ದ ವಯಸ್ಸಾದ ದಂಪತಿ ಕೊಟ್ಟ ಫೋಟೋದಲ್ಲಿ, ಕಣ್ಣು ಮುಚ್ಚಿಕೊಂಡು ಒಳಗೆ ಹೋದ ಮದುಮಗ ಕಣ್ಣು ಬಿಟ್ಟುಕೊಂಡು ಈಚೆ ಬಂದ.

"ನೋಡೇ, ನಮ್ಮ ಮುತ್ತಜ್ಜ ಕೊನೆಗೂ ಕಣ್ಣು ಬಿಟ್ಟ!"

"ನಿಮ್ಮ ವಂಶದಲ್ಲಿ ಒಬ್ಬರಾದ್ರೂ ಬಿಟ್ಟರಲ್ಲ, ಸದ್ಯ," ಎಂದರು ಹೆಂಡತಿ.

ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಅನ್ವಿತಾ ಪಕ್ಕದಲ್ಲೇ ಕೂತಿದ್ದರು. ನಿವೃತ್ತಿಗೆ ಒಂದು ವರ್ಷವಿತ್ತು. ಬಂದವರಿಗೆಲ್ಲ ಬೇಸರವಿಲ್ಲದೆ ವಿವರಿಸುವುದು ಅವರ ಅಭ್ಯಾಸ.

"ಹೆಂಗೆ ಮೇಡಂ ಇದು? ಮೇಲೆ ಬಣ್ಣ ಬಳೀತೀರಾ?" ಚಿರಂತ್ ಕೇಳಿದ.

"ಬಣ್ಣ ಎಲ್ಲಿಂದ ಬಂತು? ಕಪ್ಪುಬಿಳುಪು ಫೋಟೋ ಅಂದ್ರೆ ಕಾಗದದ ಮೇಲೆ ಚೆಲ್ಲಿರೋ ಬೆಳ್ಳಿ ಪುಡಿ ಕಣ್ರೀ. ಎಲ್ಲಿ ಹೆಚ್ಚು ಬೆಳ್ಳಿ ಇದೆಯೋ ಅಲ್ಲಿ ಕಪ್ಪು. ನಾವು ಬೇಡದ ಕಡೆ ಇರೋದನ್ನ ಎತ್ತುತ್ತೀವಿ, ಬೇಕಾದ ಕಡೆ ಹೊಸದು ಉದುರಿಸ್ತೀವಿ. ರಂಗೋಲಿ ತಿದ್ದಿದ ಹಂಗೆ."

ಯಂತ್ರದೊಳಗೆ ಎರಡು ಅಂಗಗಳಿದ್ದವು. ದೋಷದೃಷ್ಟಿ ಎಂಬುದು ಫೋಟೋವನ್ನು ಓದಿ ತಪ್ಪುಗಳನ್ನು ಗುರುತಿಸುತ್ತಿತ್ತು. ಕಣಚಿಮುಟ ಎಂಬುದು ಆ ಜಾಗದ ಬೆಳ್ಳಿಯನ್ನು ಒಂದೊಂದೇ ಕಣವಾಗಿ ಎತ್ತಿ, ಕೆಳಗಿನ ಪಾರದರ್ಶಕ ಹಾಳೆಯ ಮೇಲೆ ಅದೇ ಆಕಾರದಲ್ಲಿ ಇಡುತ್ತಿತ್ತು. ಒಂದು ಫೋಟೋಗೆ ಒಂದು ಹಾಳೆ. ಅದಕ್ಕೆ ದೋಷಪತ್ರ ಎಂದು ಹೆಸರು. ಯಂತ್ರ ಏನೇನು ತೆಗೆಯಿತು ಎಂಬುದನ್ನು ತಾಳೆ ನೋಡಲು ಅದು ವಾರದ ಮಟ್ಟಿಗೆ ಬೇಕಾಗುತ್ತಿತ್ತು; ಶನಿವಾರ ಎಲ್ಲವನ್ನೂ ಕರಗಿಸಿ ಬೆಳ್ಳಿಯನ್ನು ಮರಳಿ ಪಡೆಯುತ್ತಿದ್ದರು.

"ಪಟ್ಟಿಯಲ್ಲಿ ನಲವತ್ತೊಂದು ದೋಷ ಇದೆ. ಎಲ್ಲಾ ತೆಗೀಬೇಕೋ, ಕೆಲವು ಬಿಡಬೇಕೋ? ಓದಿ ಗುರುತು ಹಾಕಿ," ಎಂದು ಡಾ. ಅನ್ವಿತಾ ಹಾಳೆ ಚಾಚಿದರು.

ಚಿರಂತ್ ಓದಲಿಲ್ಲ. ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿದ್ದವು. "ಎಲ್ಲಾ ತೆಗೀರಿ ಮೇಡಂ. ನಾಳೆ ಮಗಳ ಎಂಟನೇ ಹುಟ್ಟುಹಬ್ಬ. ತಾಯಿ ಇಲ್ಲದ ಮಗು, ಒಂದು ಒಳ್ಳೇ ಆಲ್ಬಮ್ಮಾದ್ರೂ ಇರಲಿ," ಎಂದು ಸಹಿ ಹಾಕಿದ.

ಊರಿಗೆ ಮರಳುವ ರೈಲಿನಲ್ಲಿ ಹೊಳೆಯುವ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಇಂಚರ ನೆನಪಾದಳು.

ಅವಳು ರೈಲ್ವೆ ಆಸ್ಪತ್ರೆಯಲ್ಲಿ ಔಷಧಿ ಕೊಡುವವಳು. ಮಗು ಆರು ತಿಂಗಳಿದ್ದಾಗ ಒಂದು ದಿನ ಕೈಯಲ್ಲಿದ್ದ ಫೋನನ್ನು ದಿಂಬಿನ ಮೇಲೆ ಎಸೆದಿದ್ದಳು. ಛಾಯಾಶುದ್ಧಿಯ ವಿದ್ಯೆ ಆಗಲೇ ಎಲ್ಲರ ಫೋನುಗಳನ್ನೂ ಹೊಕ್ಕಿತ್ತು. ಹೇಗೆ ಹಿಡಿದರೂ ಫೋಟೋ ಚೆನ್ನಾಗಿಯೇ ಬರುತ್ತಿತ್ತು. ಯಾರನ್ನು ತೆಗೆದರೂ ಮುಖ ಮೇಣ ತಿಕ್ಕಿದಂತೆ ನಯವಾಗಿರುತ್ತಿತ್ತು.

"ನನಗೆ ಕೆಟ್ಟ ಫೋಟೋ ತೆಗೆಯೋಕೇ ಬಿಡಲ್ಲ ಚಿರು ಇದು. ಕೆಟ್ಟದ್ದು ತೆಗೀದೆ ಒಳ್ಳೇದು ಹೆಂಗೆ ಕಲೀಲಿ?"

"ಕಲಿತು ಏನ್ ಮಾಡ್ತೀಯಾ? ಇದೇ ತೆಗೆಯುತ್ತಲ್ಲ."

"ಅದೇ ಹೇಳಿದ್ದು. ಇದು ತೆಗೆಯುತ್ತೆ. ನಾನಲ್ಲ."

ಮರುವಾರವೇ ತಿಪಟೂರಿನ ಗುಜರಿಯಿಂದ ಮುತ್ತಜ್ಜನ ಕಾಲದ ರೀಲು ಕ್ಯಾಮೆರಾ ಬಂತು. ರೀಲನ್ನು ಯಾವುದೋ ಹವ್ಯಾಸಿ ಸಂಘದವರು ಕೈಯಾರೆ ತಯಾರಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಒಂದು ರೀಲಿಗೆ ಮೂವತ್ತಾರು ಫೋಟೋ, ತಿಂಗಳಿಗೆ ಒಂದೇ ರೀಲು. ಬಚ್ಚಲುಮನೆಯ ಕಿಟಕಿಗೆ ಕಂಬಳಿ, ಬಲ್ಬಿಗೆ ಕೆಂಪು ಕಾಗದ, ಸ್ನಾನದ ಬಕೀಟಿನಲ್ಲಿ ಫೋಟೋ ತೊಳೆಯುವ ಹೈಪೋ ದ್ರಾವಣ. ವಾರವಿಡೀ ಚಿರಂತನ ಟವೆಲ್ಲು ಹುಳಿ ನಾತ ಹೊಡೆಯುತ್ತಿತ್ತು. "ಡ್ಯೂಟಿಗೆ ಹೋದ್ರೆ ಎಲ್ಲರೂ ಮನೇಲಿ ಉಪ್ಪಿನಕಾಯಿ ಹಾಕಿದ್ರಾ ಅಂತ ಕೇಳ್ತಾರೆ ಕಣೇ," ಎಂದು ಗೊಣಗುತ್ತಿದ್ದ. ಈಗ ಆ ನಾತಕ್ಕಾಗಿ ರೈಲಿನ ಗಾಳಿಯಲ್ಲಿ ಮೂಗು ಅರಳಿಸಿ ಹುಡುಕಿದ.

ಅವಳು ತೆಗೆಯುತ್ತಿದ್ದದ್ದು ಒಂದೇ ವಸ್ತುವನ್ನು: ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತ ಮಗುವನ್ನು. ಅದೇ ಮೆಟ್ಟಿಲು, ಆಸ್ಪತ್ರೆಯಿಂದ ಬಂದ ಮೇಲಿನ ಅದೇ ಸಂಜೆಯ ಹೊತ್ತು. ಒಂದನ್ನೇ ನೂರು ಸಲ ತೆಗೆದರೆ ಕೈ ಕೂರುತ್ತದೆ ಎಂಬುದು ಅವಳ ನಂಬಿಕೆ. ಕ್ಯಾಮೆರಾ ಮಾರಿದ ಮುದುಕ ಒಂದೇ ಪಾಠ ಹೇಳಿಕೊಟ್ಟಿದ್ದ: ಬಿಸಿಲು ಯಾವಾಗಲೂ ಬೆನ್ನಿಗಿರಲಿ. ಅವಳು ಪಡುವಣಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಎದುರಿಗೆ ಮಗು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿತ್ತು. ಹೊಸದಾಗಿ ಕಲಿಯುವವರೆಲ್ಲ ಮಾಡುವ ಎಡವಟ್ಟು ಅವಳಿಗೂ ತಪ್ಪಲಿಲ್ಲ. ಇಳಿಬಿಸಿಲಿಗೆ ಅವಳದೇ ನೆರಳು ಉದ್ದಕ್ಕೆ ಚಾಚಿ ಮೆಟ್ಟಿಲು ಹತ್ತಿ ಮಗುವಿನ ಮೇಲೆ ಬೀಳುತ್ತಿತ್ತು. ಫೋಟೋ ತೊಳೆದ ಮೇಲೆ ಹಣೆ ಚಚ್ಚಿಕೊಂಡು ಹಿಂಬದಿಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು: 'ಮತ್ತೆ ನಾನು ಬಿದ್ದೆ. ಒಂದಿಂಚು ಬಲಕ್ಕೆ ಸರೀಬೇಕಿತ್ತು.'

"ನಿನ್ನ ಹೆಸರೇ ಇಂಚು. ಎಷ್ಟು ಅಂತ ಸರೀತೀಯಾ?" ಎಂದು ಚಿರಂತ್ ರೇಗಿಸುತ್ತಿದ್ದ.

ಮೂರೂವರೆ ವರ್ಷ ಸರಿದಳು. ತೊಂಬತ್ತಾರು ಫೋಟೋ ಆರಿಸಿ ತಾರೀಖಿನ ಪ್ರಕಾರ ಆಲ್ಬಮ್ಮಿಗೆ ಹಚ್ಚಿದಳು. ಕೊನೆಯ ಪುಟಗಳ ಫೋಟೋ ನೋಡಿದರೆ, ಮಗುವಿನ ರೆಪ್ಪೆಯ ಕೂದಲು ಎಣಿಸಬಹುದಿತ್ತು. ಆಮೇಲೆ ಎರಡೇ ತಿಂಗಳ ಕಾಯಿಲೆ. ಮಗುವಿಗೆ ಆಗ ನಾಲ್ಕು.

ಆ ಮಗುವಿನ ಹೆಸರು ಸಾಕಮ್ಮ. ಅಜ್ಜಿಯರ ಹೆಸರುಗಳು ಮತ್ತೆ ಫ್ಯಾಷನ್ನಾಗಿದ್ದ ಕಾಲ. ಅವಳ ಕ್ಲಾಸಿನಲ್ಲೇ ಇಬ್ಬರು ಸಾಕಮ್ಮ, ಮೂವರು ತಿಮ್ಮಕ್ಕ. ಫೋನಿನಲ್ಲಿದ್ದ ತಾಯಿಯ ನೂರಾರು ನಯವಾದ ಮುಖಗಳನ್ನು ಚಿರಂತ್ ತೋರಿಸಿದಾಗ, "ಇವರು ಜಾಹೀರಾತಿನ ಆಂಟಿ ಥರ ಇದಾರೆ," ಎಂದು ಅವಳು ಎದ್ದುಹೋಗಿದ್ದಳು. ಆದರೆ ಸ್ಕೂಲಿನಿಂದ ಬಂದ ಕೂಡಲೆ ಕಪ್ಪು ಆಲ್ಬಮ್ಮು ಬೇಕೇಬೇಕು. ತನ್ನದೇ ಎಳೆಯ ಮುಖ ನೋಡಿಕೊಳ್ಳುವ ಆಸೆ ಎಂದು ಅವನು ತಿಳಿದಿದ್ದ. ಬೆರಳು ತಾಗಿ ತಾಗಿ ಎಷ್ಟೋ ಫೋಟೋಗಳ ಕೆಳ ಅಂಚು ಮಾಸಿತ್ತು. ಅದನ್ನು ನೋಡಿಯೇ ಅವನಿಗೆ ಹಾಸನಕ್ಕೆ ಒಯ್ಯುವ ಯೋಚನೆ ಬಂದದ್ದು.

ಶುಕ್ರವಾರ ಸಂಜೆ ಪಾಯಸ ತಿಂದ ಬಾಯಲ್ಲೇ ಸಾಕಮ್ಮ ಆಲ್ಬಮ್ ತೆರೆದಳು. ಒಂದು ಪುಟ, ಎರಡು ಪುಟ. ನಗು ಆರಿತು. ಬೇಗ ಬೇಗ ಮಗುಚಿದಳು. ಮತ್ತೆ ಮೊದಲಿಗೆ ಬಂದು ಫೋಟೋದ ಕೆಳ ಅಂಚನ್ನು ಉಗುರಿನಿಂದ ಕೆರೆದಳು.

"ಅಪ್ಪಾ, ಅಮ್ಮ ಎಲ್ಲಿ?"

"ಇದರಲ್ಲಿ ಅಮ್ಮ ಎಲ್ಲಿದ್ಲು ಪುಟ್ಟಾ? ಅವಳು ತೆಗೆಯೋಳು. ತೆಗೆಯೋರು ಫೋಟೋದಲ್ಲಿ ಇರಲ್ಲ."

"ಇದ್ಲು! ಇಲ್ಲಿ ನಿಂತಿದ್ಲು. ಉದ್ದಕ್ಕೆ. ಹಿಂಗೆ ಮಾಡ್ಕೊಂಡು." ಅವಳು ಎದ್ದು ನಿಂತು ಎರಡೂ ಮೊಣಕೈಗಳನ್ನು ಕೊಪ್ಪರಿಗೆಯ ಹಿಡಿಗಳ ಹಾಗೆ ಅಗಲಿಸಿ, ಇಲ್ಲದ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಳು.

"ನೆರಳಾ?"

"ಅಮ್ಮ," ಎಂದಳು ಸಾಕಮ್ಮ, ತಪ್ಪು ತಿದ್ದುವವಳಂತೆ. ಆಮೇಲೆ ಅಳು ಶುರುವಾಯಿತು.

ಮಾಸಿದ್ದ ಆ ಕೆಳ ಅಂಚುಗಳು ಚಿರಂತನಿಗೆ ಆಗ ಅರ್ಥವಾದವು. ನಾಲ್ಕು ವರ್ಷ, ದಿನವೂ, ಆ ಪುಟ್ಟ ಬೆರಳು ಎಲ್ಲಿ ಇರುತ್ತಿತ್ತು ಎಂಬುದನ್ನು ಅವನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಸಹಿ ಹಾಕಿದ ಕಾಗದದ ನಕಲು ಜೇಬಿನಲ್ಲೇ ಇತ್ತು. ಬಿಚ್ಚಿ ಓದಿದ. 'ದೋಷ ೧: ತೆಗೆಯುವವರ ನೆರಳು.'

ಶನಿವಾರದ ಮೊದಲ ರೈಲಿಗೇ ಇಬ್ಬರೂ ಹಾಸನಕ್ಕೆ ಹೊರಟರು. ಕೇಂದ್ರದ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು.

ಡಾ. ಅನ್ವಿತಾ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಆ ನೆರಳು ದೋಷದೃಷ್ಟಿಗೆ ಬರೀ ಕಪ್ಪು ಅಷ್ಟೇ. ಎಲ್ಲಾ ಪುಸ್ತಕದಲ್ಲೂ ಅದನ್ನ ತಪ್ಪು ಅಂತಾನೇ ಬರೆದಿರೋದು, ಅದಕ್ಕೇ ಮೊದಲನೇ ನಂಬರು ಕೊಟ್ಟೆ. ಯೋಚನೆ ಮಾಡಬೇಡ ಮರಿ. ಹತ್ತು ನಿಮಿಷದಲ್ಲಿ ಅಷ್ಟೇ ಎತ್ತರದ ನೆರಳು ಮತ್ತೆ ಹಾಕಿಸಿಕೊಡ್ತೀನಿ."

"ನೀವು ಹಾಕಿದ್ರೆ ಅದು ನಿಮ್ಮ ನೆರಳಾಗುತ್ತೆ," ಎಂದಳು ಸಾಕಮ್ಮ.

ಹುಡುಗಿ ಡಾ. ಅನ್ವಿತಾ ಅವರ ತಲೆಯ ಮೇಲಿನ ಫಲಕವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದಳು. "ಛಾ-ಯಾ-ಶುದ್ಧಿ. ಛಾಯೆ ಅಂದ್ರೆ ಏನಜ್ಜಿ?"

"ಛಾಯೆ ಅಂದ್ರೆ..." ಅವರು ತಡೆದರು. "ನೆರಳು ಕಣಮ್ಮ. ಛಾಯಾಚಿತ್ರ ಅಂದ್ರೂ ನೆರಳಿನ ಚಿತ್ರ ಅಂತಾನೇ. ಈ ಹೆಸರಿಟ್ಟೋಳು ನಾನೇ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ."

ಇದ್ದಕ್ಕಿದ್ದಂತೆ ಅವರು ಗೋಡೆಯ ಗಡಿಯಾರದ ಕಡೆ ತಿರುಗಿದರು. "ಅಯ್ಯೋ, ಇವತ್ತು ಶನಿವಾರ!" ಎಂದವರೇ ಸೊಂಟ ಹಿಡಿದುಕೊಂಡು, ಆಳು ಬೆಳ್ಳಿ ಕರಗಿಸುತ್ತಿದ್ದ ಹಿಂದಿನ ಕೋಣೆಗೆ ಓಡಿದರು. "ಲೋ ಭದ್ರಣ್ಣಾ, ಒಲೆ ಆರಿಸು! ಮೊದಲು ಆರಿಸು, ಆಮೇಲೆ ಯಾಕೆ ಅಂತ ಕೇಳು!" ಎಂಬ ಕೂಗು ಕೇಳಿಸಿತು. ಸೋಮವಾರದ, ಮಂಗಳವಾರದ ಹಾಳೆಗಳು ಆಗಲೇ ಕರಗಿದ್ದವು. ಗುರುವಾರದ ಹಾಳೆಗಳು ಇನ್ನೂ ಕರಗದೆ ತಟ್ಟೆಯ ತಳದಲ್ಲಿದ್ದವು.

ಅದರಲ್ಲಿ ಚಿರಂತನ ಕಟ್ಟು ಮೇಜಿಗೆ ಬಂತು. ಒಟ್ಟು ತೊಂಬತ್ತಾರು ಪಾರದರ್ಶಕ ಹಾಳೆಗಳು.

"ಇದು ಯಂತ್ರ ಮಾಡಿದ್ದಾ?" ಸಾಕಮ್ಮ ಅನುಮಾನದಿಂದ ಕೇಳಿದಳು.

"ಅಲ್ಲ ಮರಿ, ಯಂತ್ರ ತೆಗೆದಿದ್ದು. ಅವತ್ತು ನಿಮ್ಮ ಅಮ್ಮ ಕಾಗದದ ಮೇಲೆ ಮೂಡಿಸಿದ ಅದೇ ಬೆಳ್ಳಿ. ಒಂದು ಕಣಾನೂ ನನ್ನದಲ್ಲ."

ಚಿರಂತ್ ಮೊದಲ ಹಾಳೆಯನ್ನು ಎತ್ತಿದ. ಮೆಟ್ಟಿಲಿರಲಿಲ್ಲ, ಮಗುವಿರಲಿಲ್ಲ, ಕ್ವಾರ್ಟರ್ಸಿನ ಹಸಿರು ಬಾಗಿಲಿರಲಿಲ್ಲ. ಇಂಚರ ಮಾತ್ರ ಇದ್ದಳು, ಅಂಚಿನಿಂದ ಎದ್ದು ಬಂದಂತೆ ಉದ್ದಕ್ಕೆ, ಮೊಣಕೈ ಅಗಲಿಸಿಕೊಂಡು, ಕೆಲಸ ಮುಗಿಸಿ ಬಂದವಳ ಸಡಿಲವಾದ ತುರುಬಿನ ಸಮೇತ. ಆ ತುರುಬನ್ನು ಅವನು ಮರೆತೇಬಿಟ್ಟಿದ್ದ. ಫೋಟೋಗಳಲ್ಲಿ ಮಗುವಿನ ಮುಖದ ಮುಂದೆ ಅದು ಕಣ್ಣಿಗೆ ಬಿದ್ದೇ ಇರಲಿಲ್ಲ.

ಮುಂದಿನದನ್ನು ನೋಡಿದ, ಅದರ ಮುಂದಿನದನ್ನು ನೋಡಿದ. ಹತ್ತನೆಯ ಹಾಳೆಯಲ್ಲಿ ಅವಳು ಸೊಂಟದವರೆಗೆ ಇಳಿದಿದ್ದಳು. ಇಪ್ಪತ್ತೆಂಟರಲ್ಲಿ ಭುಜ ಮತ್ತು ತಲೆ. ನಲವತ್ತರಲ್ಲಿ ತುರುಬು ಮಾತ್ರ ಮೂಲೆಯಿಂದ ಇಣುಕುತ್ತಿತ್ತು. ಐವತ್ತಮೂರನೆಯದರಲ್ಲಿ ನಾಲ್ಕು ಧೂಳಿನ ಚುಕ್ಕೆಗಳಷ್ಟೇ. ಅವಳು ಕಲಿತುಬಿಟ್ಟಿದ್ದಳು. ಒಂದೊಂದು ರೀಲಿಗೂ ಒಂದೊಂದಿಂಚು ಸರಿದು, ಚೌಕಟ್ಟಿನಿಂದ ಪೂರ್ತಿ ಹೊರಗೆ ಹೋಗಿದ್ದಳು. ಆ ದಿನ ಅವಳು ಕುಣಿದುಕೊಂಡು ಬಚ್ಚಲುಮನೆಯಿಂದ ಬಂದು, "ಚಿರು, ನೋಡು ನೋಡು, ನಾನಿಲ್ಲ!" ಎಂದು ಒದ್ದೆ ಫೋಟೋ ತೋರಿಸಿದ್ದು ಅವನಿಗೆ ನೆನಪಾಯಿತು. ಅವನೂ ಚಪ್ಪಾಳೆ ತಟ್ಟಿದ್ದ.

ಮುಂದೆ ನೋಡಲಾಗದೆ ಹಾಳೆಗಳನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

"ನೀನು ತಪ್ಪು ನೋಡ್ತಿದೀಯಾ ಅಪ್ಪಾ," ಎಂದಳು ಸಾಕಮ್ಮ.

ಅವಳು ಐವತ್ತಮೂರನ್ನು ಮೇಲಿಟ್ಟು, ಒಂದನ್ನು ಎಲ್ಲಕ್ಕಿಂತ ಕೆಳಗೆ ಹಾಕಿ ಕಟ್ಟನ್ನು ಜೋಡಿಸಿಕೊಂಡಳು. ಕಿಟಕಿಯ ಬಳಿ ಹಿಡಿದು, ಒಂದೊಂದೇ ಹಾಳೆ ಬೆಳಕಿಗೆ ಬರುವಂತೆ ಅಂಚನ್ನು ಹೆಬ್ಬೆರಳಿನಿಂದ ಸರಸರನೆ ಬಿಡತೊಡಗಿದಳು. ಮೊದಲು ಖಾಲಿ. ಮೂಲೆಯಲ್ಲಿ ತುರುಬು ಕಾಣಿಸಿತು. ತುರುಬಿನ ಕೆಳಗೆ ತಲೆ ಬಂತು, ಭುಜ ಬಂತು, ಅಗಲಿಸಿದ ಮೊಣಕೈಗಳು ಬಂದವು.

"ಬರ್ತಾ ಇದ್ದಾಳೆ."

ಕೊನೆಗೆ ಒಂದನೆಯ ಹಾಳೆಯೊಂದೇ ಕೈಯಲ್ಲಿ ಉಳಿಯಿತು. ಸಾಕಮ್ಮ ಕಿಟಕಿಯ ಕೆಳಗೆ ಬಿಸಿಲು ಬಿದ್ದಲ್ಲಿ ಕಾಲು ಚಾಚಿ ಕೂತಳು, ಮೆಟ್ಟಿಲ ಮೇಲೆ ಕೂರುವ ಹಾಗೆ. ಹಾಳೆಯನ್ನು ಬಿಸಿಲಿಗೆ ಅಡ್ಡ ಹಿಡಿದಳು. ಬೆಳಕು ಹಾಳೆಯನ್ನು ದಾಟಿತು, ಬೆಳ್ಳಿಯನ್ನು ದಾಟಲಿಲ್ಲ. ಅಂಗೈಯಷ್ಟು ಇಂಚರ, ಕ್ಯಾಮೆರಾ ಹಿಡಿದುಕೊಂಡು, ಮಗಳ ಹೊಟ್ಟೆಯ ಮೇಲೆ, ಅವತ್ತು ಬಿದ್ದಲ್ಲೇ ಬಿದ್ದಳು.

ಡಾ. ಅನ್ವಿತಾ ತಮ್ಮ ನೆರಳು ಅಡ್ಡ ಬರಬಾರದೆಂದು ಒಂದಿಂಚು ಪಕ್ಕಕ್ಕೆ ಸರಿದರು. ಸಾಕಮ್ಮ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಳು.